ನೀಲಿ ಪರದೆಯ ಪರವಾಗಿ ನಾಲ್ಕು ಮಾತು

ಬರೆಯದೆ ತುಂಬಾ ದಿನ ಆಯ್ತು. ಇವತ್ತು ಸ್ವಲ್ಪ ಗಣಕದ ಕೊರೆತ. ಲಿನಕ್ಸ್ ಅಂದ ಕೂಡಲೇ ಪುಟ ಮುಚ್ಚುವವರು ದಯವಿಟ್ಟು ತಡೆಯಿರಿ, ಮಧ್ಯದಲ್ಲಿ ನಮ್ಮಜ್ಜಿ ಬರ್ತಾಳೆ :)

ಮೊನ್ನೆ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗ ನನ್ನ ಪರದೆ ನೋಡಿ, "ಇದೇನ್ ಸಾರ್, ಡಾಸ್ ಕಾಲದ್ದಾ?" ಅಂದ. ಪರದೆ ಪೂರ್ತಿ ನೀಲಿ, ಎಡಕ್ಕೊಂದು ಪಟ್ಟಿ, ಬಲಕ್ಕೊಂದು ಪಟ್ಟಿ, ತಳದಲ್ಲಿ 1ರಿಂದ 10ರವರೆಗೆ ಅಂಕಿ. ವಿಂಡೋಸ್ ಸಾಯುವಾಗ ಬರುತ್ತಿದ್ದ ನೀಲಿ ಅಲ್ಲ ಮಾರಾಯ್ರೆ, ಇದು ಮಿಡ್‌ನೈಟ್ ಕಮಾಂಡರ್. ಟರ್ಮಿನಲ್‌ನಲ್ಲಿ ಎಂಸಿ ಅಂತ ಎರಡಕ್ಷರ ಕುಟ್ಟಿದರೆ ಎದ್ದು ಬರುವ ಫೈಲ್ ಮ್ಯಾನೇಜರ್. ಅಷ್ಟರಲ್ಲಿ ಪಕ್ಕದ ಸೀಟಿನ ಹಿರಿಯರೂ ಸುಮ್ಮನಿರದೆ "ಅದು ಕಮಾಂಡ್ ಬರದೇ ಇರೋರ ಊರುಗೋಲು ಕಣಪ್ಪ" ಅಂದರು. ಒಬ್ಬನಿಗೆ ತೀರಾ ಹಳತು, ಇನ್ನೊಬ್ಬರಿಗೆ ತೀರಾ ಸುಲಭ. ಅಲ್ಲಿ ನಕ್ಕು ಸುಮ್ಮನಾದೆ. ಉತ್ತರ ಇಲ್ಲಿ ಕೊಡ್ತಿದ್ದೀನಿ.

ಹಳತು ಅನ್ನೋದು ನಿಜವೇ. ಡಾಸ್ ಕಾಲದಲ್ಲಿ, 1986ರಲ್ಲಿ, ನಾರ್ಟನ್ ಕಮಾಂಡರ್ ಅಂತ ಬಂತು. ಜಾನ್ ಸೋಶಾ ಬರೆದದ್ದು. ಆ ಎರಡು ಪಟ್ಟಿಯ ಜಾಣತನವನ್ನು ಯುನಿಕ್ಸ್ ಕಡೆಗೆ ತಂದದ್ದು ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ, 1994ರಲ್ಲಿ. ತಮಾಷೆ ಅಂದ್ರೆ, ಮೌಸ್ ಹಿಡಿದು ಕೆಲಸ ಮಾಡುವ ಗ್ನೋಮ್ ಡೆಸ್ಕ್‌ಟಾಪನ್ನು 1997ರಲ್ಲಿ ಶುರು ಮಾಡಿದವರಲ್ಲೂ ಅದೇ ಪುಣ್ಯಾತ್ಮ ಒಬ್ಬ. ಅಂದರೆ ಇದನ್ನು ಕಟ್ಟಿದವನಿಗೆ ಹಳತು-ಹೊಸತು ಅನ್ನೋ ಜಗಳವೇ ಇರಲಿಲ್ಲ. ಜಗಳ ಎಲ್ಲಾ ನಮ್ಮದೇ.

ಈಗ ಅಜ್ಜಿಯ ವಿಷಯ. ಸಾಗರದ ಕಡೆ ನಮ್ಮಜ್ಜಿ ಹಸೆ ಹಾಡು, ಬೀಸೋ ಪದ, ಜೋಗುಳ ಎಲ್ಲ ಹಾಡ್ತಿದ್ದಳು. ಊರಿಗೆ ಹೋದಾಗಲೆಲ್ಲ ಫೋನ್ ಮುಂದಿಟ್ಟು ಒಂದೊಂದಾಗಿ ಹಿಡಿದಿಟ್ಟಿದ್ದೆ. ಒಟ್ಟು 14 ಹಾಡು. ಲ್ಯಾಪ್‌ಟಾಪಿನಲ್ಲಿ 'ಅಜ್ಜಿ' ಅಂತ ಫೋಲ್ಡರ್. ಅದರ ಪಕ್ಕ 'ಅಜ್ಜಿ ಹಳೆಯದು' ಅಂತ ಇನ್ನೊಂದು, ಹಿಂದೆ ಯಾವಾಗಲೋ ಮಾಡಿದ್ದ ನಕಲು, ಅದರಲ್ಲಿ 11 ಹಾಡು. ಅಜ್ಜಿ ತೀರಿಕೊಂಡ ಮರುವರ್ಷ ಒಂದು ರಾತ್ರಿ ಡಿಸ್ಕ್ ತುಂಬಿತು ಅಂತ ಗುಡಿಸಲು ಕೂತೆ. ನಾನೂ ಆಗ 'ಊರುಗೋಲು ಬೇಡ' ಪಂಗಡದವನು. ಆರ್‌ಎಂ, ಅದಕ್ಕೊಂದು ಮೈನಸ್ ಆರ್, ಆಮೇಲೆ ಅಜ್ಜಿ ಹಳೆಯದು ಅಂತ ಕುಟ್ಟಿ ಎಂಟರ್ ಒತ್ತಿದೆ.

ಗೊತ್ತಿದ್ದವರಿಗೆ ಈಗಲೇ ಹೊಟ್ಟೆ ಕಿವುಚಿರುತ್ತೆ. ಹೆಸರಿನ ನಡುವೆ ಸ್ಪೇಸ್ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಹಾಕದಿದ್ದರೆ ಶೆಲ್ ಅದನ್ನು ಎರಡು ಹೆಸರು ಅಂತ ಓದುತ್ತೆ. ಮೊದಲು 'ಅಜ್ಜಿ'ಯನ್ನು ಅಳಿಸಿತು, ಮಾತಿಲ್ಲದೆ. ಆಮೇಲೆ 'ಹಳೆಯದು' ಅನ್ನೋ ಫೈಲೇ ಇಲ್ಲ ಅಂತ ನನ್ನನ್ನೇ ದಬಾಯಿಸಿತು. ನಾನು ಅಳಿಸಬೇಕೆಂದಿದ್ದು ಉಳೀತು, ಉಳಿಸಬೇಕೆಂದಿದ್ದು ಹೋಯ್ತು. ಫೋನಿನಲ್ಲಿದ್ದ ಮೂಲವನ್ನು ಜಾಗ ಸಾಲದೆ ಆಗಲೇ ತೆಗೆದಿದ್ದೆ. ಅಳಿಸಿದ್ದನ್ನು ವಾಪಸ್ ತರುವ ಸಾಫ್ಟ್‌ವೇರ್ ಬೆಳಗಿನ ಜಾವದವರೆಗೂ ಓಡಿಸಿದೆ. ಏನೂ ಸಿಗಲಿಲ್ಲ. ಮೂರು ಹಾಡು ಹೋದವು.

ತಪ್ಪು ನನ್ನದೇ, ಆರ್‌ಎಂನದ್ದಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡ್ತು. ಆದರೆ ಅವತ್ತಿನಿಂದ ನನ್ನ ಅಭಿಪ್ರಾಯ ಒಂದೇ: ಕಳಕೊಂಡರೆ ಮತ್ತೆ ಸಿಗದ ಫೈಲುಗಳ ಮೇಲೆ ಕಣ್ಣು ಮುಚ್ಚಿಕೊಂಡು ಕೈ ಇಡಬಾರದು. ಕಮಾಂಡ್ ಅಂದ್ರೆ ಹೆಸರು ಹೇಳಿ ಕರೆಯೋದು, ಬಂದದ್ದು ಯಾರು ಅಂತ ನೋಡೋದು ಆಮೇಲೆ. ಎಂಸಿಯಲ್ಲಿ ಮೊದಲು ನೋಡ್ತೀರಿ, ಆಮೇಲೆ ಮುಟ್ತೀರಿ. ಬೆಳಕಿನ ಪಟ್ಟಿ ಯಾವ ಫೋಲ್ಡರ್ ಮೇಲಿದೆಯೋ ಅದೇ. ನಡುವೆ ಸ್ಪೇಸ್ ಇದ್ದರೂ ಅದು ಒಂದೇ ಸಾಲು, ಒಂದೇ ವಸ್ತು. ಎಫ್8 ಒತ್ತಿದರೆ ಅಳಿಸಲಾ ಅಂತ ಕೇಳುತ್ತೆ. ಒಳಗೆ ಫೈಲುಗಳಿದ್ದರೆ, ಖಾಲಿ ಇಲ್ಲ, ಪೂರ್ತಿ ಅಳಿಸಲಾ ಅಂತ ಇನ್ನೊಂದು ಸಲ ಕೇಳುತ್ತೆ. ನನ್ನಂಥವನಿಗೆ ಆ ಎರಡನೇ ಪ್ರಶ್ನೆಯೇ ಸಾಕು.

ಉಳಿದದ್ದು ಕಲಿಯೋಕೆ ಒಂದು ಸಂಜೆ ಸಾಕು. ಟ್ಯಾಬ್ ಒತ್ತಿದರೆ ಈ ಪಟ್ಟಿಯಿಂದ ಆ ಪಟ್ಟಿಗೆ. ಎಫ್3 ನೋಡೋಕೆ, ಎಫ್4 ತಿದ್ದೋಕೆ, ಎಫ್5 ನಕಲು, ಎಫ್6 ಸಾಗಿಸೋಕೆ ಅಥವಾ ಹೆಸರು ಬದಲಿಸೋಕೆ, ಎಫ್7 ಹೊಸ ಫೋಲ್ಡರ್, ಎಫ್10 ಹೊರಗೆ. ಇನ್ಸರ್ಟ್ ಒತ್ತುತ್ತಾ ಹೋದರೆ ಬೇಕಾದವು ಗುರುತಾಗುತ್ತವೆ. ಎಫ್10ನ್ನು ನಿಮ್ಮ ಟರ್ಮಿನಲ್ಲೇ ನುಂಗಿಕೊಂಡರೆ ಎಸ್ಕೇಪ್ ಒತ್ತಿ ಬಿಟ್ಟು ಸೊನ್ನೆ ಒತ್ತಿ. ಎಡಗಡೆ ಎಲ್ಲಿಂದ, ಬಲಗಡೆ ಎಲ್ಲಿಗೆ, ಎರಡೂ ಕಣ್ಣೆದುರಿಗೆ. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ.

ಊರುಗೋಲು ಅಂದವರಿಗೆ ಒಂದು ಮಾತು. ತಳದಲ್ಲಿ ಕಮಾಂಡ್ ಸಾಲು ಸದಾ ಇರುತ್ತೆ. ಕಂಟ್ರೋಲ್ ಓ ಒತ್ತಿದರೆ ಪಟ್ಟಿಗಳು ಸರಿದು ನಿಮ್ಮ ಶೆಲ್ ಎದುರಿಗೆ, ಮತ್ತೆ ಒತ್ತಿದರೆ ಪಟ್ಟಿಗಳು ವಾಪಸ್. ಎಸ್ಕೇಪ್ ಒತ್ತಿ ಎಂಟರ್ ಕೊಟ್ಟರೆ ಬೆಳಕಿರುವ ಫೈಲಿನ ಹೆಸರು ಕಮಾಂಡ್ ಸಾಲಿಗೆ ತಾನಾಗಿ ಇಳಿಯುತ್ತೆ, ಸ್ಪೇಸ್ ಇದ್ದ ಕಡೆ ಅಡ್ಡಗೀಟು ಸೇರಿಸಿಕೊಂಡು. ಅವತ್ತು ಇಷ್ಟು ಗೊತ್ತಿದ್ದಿದ್ದರೆ!

ನಮ್ಮ ಕನ್ನಡದವರಿಗೆ ಇನ್ನೂ ಒಂದು ಕಾರಣ ಇದೆ. ಹಾಡು ಹೋದ ಮೇಲೆ ದೊಡ್ಡಪ್ಪನ ಮಗಳು ಅಕ್ಕನಿಗೆ ಫೋನ್ ಮಾಡಿ ಅತ್ತುಕೊಂಡೆ. ತನ್ನ ಹಳೇ ಮ್ಯಾಕ್‌ನಲ್ಲಿ ನಾಲ್ಕು ಹಾಡು ಇವೆ ಅಂತ ಟಾರ್ ಕಟ್ಟಿ ಕಳಿಸಿದಳು. ಬಿಚ್ಚಿ ನೋಡಿದರೆ ಒಂದೇ ಫೋಲ್ಡರಿನಲ್ಲಿ 'ಜೋಗುಳ' ಅಂತ ಎರಡು ಫೈಲು! ಒಂದೇ ಹೆಸರಿನವು ಎರಡು ಇರೋದು ಹೇಗೆ? ವಿಷಯ ಏನಂದ್ರೆ, ನಾವು ಕುಟ್ಟುವ 'ಜೋ'ನಲ್ಲಿ ಓತ್ವ ದೀರ್ಘ ಒಂದೇ ಸಂಕೇತ. ಆ ಕಾಲದ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಅದನ್ನು ಮೂರು ತುಂಡು ಮಾಡಿ ಇಡ್ತಿತ್ತು. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್. ಹಾಗಾಗಿ ನನ್ನ ಜೋಗುಳ 15 ಬೈಟ್, ಅಕ್ಕನ ಜೋಗುಳ 21 ಬೈಟ್. ಕಣ್ಣಿಗೆ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಎಷ್ಟು ಸಲ ಕುಟ್ಟಿದರೂ ನನಗೆ ನನ್ನದೇ ಸಿಕ್ತಿತ್ತು. ಎಂಸಿಯಲ್ಲಿ ಕುಟ್ಟುವ ಗೋಜೇ ಇಲ್ಲ. ಬಾಣದ ಕೀಲಿ ಒತ್ತಿ ಎರಡನೆಯದರ ಮೇಲೆ ಹೋದೆ, ಎಫ್6 ಒತ್ತಿ ಬೇರೆ ಹೆಸರಿಟ್ಟೆ, ಮುಗೀತು. (ಉದ್ದ ಹೆಸರಿಡುವವರಿಗೆ ಸೂಚನೆ: ಎಕ್ಸ್‌ಟಿ4ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಕನ್ನಡದಲ್ಲಿ 85 ಸಂಕೇತಕ್ಕೇ ಮುಗಿಯುತ್ತೆ. ಒತ್ತು, ಗುಣಿತ ಎಲ್ಲ ಲೆಕ್ಕಕ್ಕೆ ಬರುತ್ತೆ!)

ಕುಂದು ಇಲ್ಲವಾ ಅಂದ್ರೆ ಇದೆ. ಟರ್ಮಿನಲ್ ಅಂದ್ರೆ ಚೌಕುಳಿ ಹಾಳೆ, ಮನೆಗೊಂದು ಅಕ್ಷರ. ನಮ್ಮ ಒತ್ತಕ್ಷರಗಳು ಮನೆ ಮೀರಿ ಕಾಲು ಚಾಚುತ್ತವೆ. ಎಂಸಿಗೆ 4.7ನೇ ಆವೃತ್ತಿಯಿಂದ ಯುನಿಕೋಡ್ ಬಂದಿದ್ದರೂ ಕನ್ನಡ ಹೆಸರಿರುವ ಸಾಲಿನಲ್ಲಿ ಬಲಗಡೆಯ ಗೆರೆ ಅಲ್ಲಲ್ಲಿ ಸೊಟ್ಟಗಾಗುತ್ತೆ. ಎಂಸಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗಲ್ಲ, ನೇರ ಹೋಗುತ್ತೆ. ಎರಡು ಸಲ ಕೇಳಿದಾಗಲೂ ನಿದ್ದೆಗಣ್ಣಲ್ಲಿ ಎಸ್ ಅಂದರೆ ಅದೇನು ಮಾಡೀತು? ಗೆರೆ ಸೊಟ್ಟಗಿರೋದು ಕಾಣಬಾರದು ಅನ್ನುವವರಿಗೆ ಡೆಸ್ಕ್‌ಟಾಪಿನ ಫೈಲ್ ಮ್ಯಾನೇಜರೇ ಒಳ್ಳೇದು. ಕೀಬೋರ್ಡಿನಿಂದ ಕೈ ಎತ್ತದವರಿಗೆ ರೇಂಜರ್ ಇದೆ. ವಿಮ್ ಕೀಲಿಗಳು, ಮೂರು ಕಂಬಸಾಲು, ಬಲಗಡೆ ಫೈಲಿನ ಒಳಗಿರೋದರ ಇಣುಕುನೋಟ. ಎಲ್‌ಎಫ್, ವೈಫೈ ಅಲ್ಲದ ವಿಐಎಫ್‌ಎಂ ಕೂಡ ಇವೆ :) ಯಾವುದಾದರೂ ಸರಿ, ನೋಡಿ ಮುಟ್ಟುವ ಅಭ್ಯಾಸ ಇರಲಿ.

ಅಕ್ಕ ಕಳಿಸಿದ ನಾಲ್ಕರಲ್ಲಿ ಒಂದು ನಾನು ಕಳಕೊಂಡದ್ದೇ ಆಗಿತ್ತು. ಅಂದರೆ ಈಗ 12. ಉಳಿದೆರಡರಲ್ಲಿ ಒಂದರ ಅರ್ಧ ಅಮ್ಮನಿಗೆ ಬಾಯಿಗೆ ಬರುತ್ತೆ. ಅದನ್ನು ಕಳೆದ ಹಬ್ಬದಲ್ಲಿ ಹಿಡಿದಿಟ್ಟೆ. ಇನ್ನೊಂದು ಯಾರಿಗೂ ನೆನಪಿಲ್ಲ. ಈಗ ಪ್ರತಿ ಭಾನುವಾರ ಎಡಗಡೆ ಲ್ಯಾಪ್‌ಟಾಪು, ಬಲಗಡೆ ಹೊರಗಿನ ಡಿಸ್ಕು ತೆರೆದು ಎಫ್5 ಒತ್ತಿ, ಎರಡೂ ಕಡೆ ಸಾಲು ಎಣಿಸಿ ಮಲಗ್ತೀನಿ. ಹುಡುಗ ಹಳತು ಅನ್ನಲಿ, ಹಿರಿಯರು ಊರುಗೋಲು ಅನ್ನಲಿ. ಒಂದು ಸಲ ಜಾರಿ ಬಿದ್ದವನಿಗೆ ಊರುಗೋಲು ಹಿಡಿಯೋಕೆ ನಾಚಿಕೆ ಇರಲ್ಲ.

ನಿಮ್ಮ ಬರಹ, ನಿಮ್ಮಜ್ಜಿಯ ಹಾಡು, ಅದರ ಎರಡನೇ ಪ್ರತಿ ಎಲ್ಲಿದೆ? ಕೊನೇ ಸಲ ತೆರೆದು ನೋಡಿದ್ದು ಯಾವಾಗ?