ಮಾತ್ರೆ ಚೀಟಿಗೂ ಒಂದು ಎಕ್ಸ್‌ಪೈರಿ ಡೇಟ್ ಬೇಡವೇ?

ಮಾತ್ರೆಯ ಎಕ್ಸ್‌ಪೈರಿ ಡೇಟ್ ನೋಡಿ ತಗೋಬೇಕು ಅಂತ ನಮಗೆಲ್ಲ ಗೊತ್ತು. ಆದರೆ ಆ ಮಾತ್ರೆ ಬರೆದುಕೊಟ್ಟ ಚೀಟಿಗೆ? ನಮ್ಮ ಕಡೆ ಅದಕ್ಕೆ ಮುಪ್ಪೂ ಇಲ್ಲ, ಸಾವೂ ಇಲ್ಲ!

ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದ ನಮ್ಮವರು ಮೊದಲು ಗೊಣಗೋದೇ ಇಲ್ಲಿನ ಡಾಕ್ಟರ ಕ್ಲಿನಿಕ್ ಬಗ್ಗೆ. (ಇಲ್ಲಿ ಅದಕ್ಕೆ 'ಸರ್ಜರಿ' ಅಂತಾರೆ. ಹೆದರಬೇಡಿ, ಕೊಯ್ಯೋದಿಲ್ಲ :) ) ದಿನಾ ನುಂಗೋ ಬಿಪಿ, ಥೈರಾಯ್ಡ್ ಮಾತ್ರೆ ಮುಗೀತಾ ಬಂತು ಅಂದ್ರೆ ಸೀದಾ ಔಷಧಿ ಅಂಗಡಿಗೆ ಹೋಗಿ ಕೇಳೋ ಹಾಗಿಲ್ಲ. ಹಿಂದಿನ ಸಲ ಕೊಟ್ಟ ಚೀಟಿಯ ಬಲಭಾಗದಲ್ಲಿ ನಿಮ್ಮ ಮಾತ್ರೆಗಳ ಪಟ್ಟಿ ಇರುತ್ತೆ. ಬೇಕಾದ್ದಕ್ಕೆ ಟಿಕ್ ಹಾಕಿ ಸರ್ಜರಿಯ ಡಬ್ಬಿಗೆ ಹಾಕಬೇಕು, ಇಲ್ಲಾಂದ್ರೆ ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ಕೇಳಬೇಕು. ಫೋನಿನಲ್ಲಿ ಕೇಳಿದರೆ ಎಷ್ಟೋ ಕಡೆ ಒಪ್ಪೋದೇ ಇಲ್ಲ. ಸಾಮಾನ್ಯವಾಗಿ ಎರಡು ಕೆಲಸದ ದಿನ ಕಾಯಬೇಕು. ಆಮೇಲೆ ಚೀಟಿ ಕಂಪ್ಯೂಟರಿನಲ್ಲೇ ನೀವು ಹೇಳಿದ ಔಷಧಿ ಅಂಗಡಿಗೆ ಹೋಗುತ್ತೆ. ವಿನಾಯಿತಿ ಇಲ್ಲದವರು ಒಂದೊಂದು ಔಷಧಿಗೂ ದುಡ್ಡು ಕೊಡಬೇಕು. 2024ರ ಮೇನಲ್ಲಿ ಅದು 9.90 ಪೌಂಡ್ ಆಯಿತು.

"ಅದೇ ಹಳೇ ಮಾತ್ರೆಗೆ ಎರಡು ದಿನ ಯಾಕಪ್ಪಾ?" ಅಂತ ನಮ್ಮವರ ಸಿಟ್ಟು. ನನಗೇನೋ ಆ ಎರಡು ದಿನದಲ್ಲೇ ಎಲ್ಲಾ ಇದೆ ಅನ್ಸುತ್ತೆ. ಪ್ರತಿ ರಿಪೀಟ್‌ಗೂ ಒಂದು ಮರುಪರಿಶೀಲನೆಯ ದಿನಾಂಕ ಇರುತ್ತೆ. ಅದು ದಾಟಿದರೆ ಯಾರಾದರೂ ಕೇಳ್ತಾರೆ: ಬಿಪಿ ಯಾವಾಗ ನೋಡಿಸಿದ್ರಿ? ರಕ್ತಪರೀಕ್ಷೆ ಆಯ್ತಾ? ಕೆಲವು ಬಿಪಿ ಮಾತ್ರೆ ತಗೊಳ್ಳೋರಿಗೆ ಕಿಡ್ನಿ, ಪೊಟ್ಯಾಶಿಯಂ ನೋಡ್ತಾ ಇರಬೇಕು. ಥೈರಾಯ್ಡಿನವರಿಗೆ ಟಿಎಸ್ಎಚ್.

ನಮ್ಮೂರಲ್ಲಿ? ಖಾಲಿ ಶೀಟ್ ತೋರಿಸಿ "ಅಣ್ಣಾ, ಇದೇ ಇನ್ನೆರಡು ಕೊಡಿ" ಅಂದ್ರೆ ಎರಡು ನಿಮಿಷದ ಕೆಲಸ. ನಮ್ಮಪ್ಪನ ಚೀಟಿ ಮಡಿಕೆಯಲ್ಲಿ ಹರಿಯಬಾರದು ಅಂತ ಅಮ್ಮ ಲ್ಯಾಮಿನೇಷನ್ ಮಾಡಿಸಿಟ್ಟಿದ್ದಾಳೆ!

ಕಾನೂನು ಇಲ್ಲ ಅಂತಲ್ಲ. ಮತ್ತೆ ಮತ್ತೆ ಕೊಡಬಹುದು ಅಂತ ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ ಅಂತ 1945ರ ನಿಯಮಗಳಲ್ಲೇ ಇದೆ. ಔಷಧಿಯ ಜೆನೆರಿಕ್ ಹೆಸರನ್ನು ಓದೋ ಹಾಗೆ, ಸಾಧ್ಯವಾದಷ್ಟೂ ದೊಡ್ಡಕ್ಷರದಲ್ಲಿ ಬರೀಬೇಕು ಅಂತ 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಹೇಳಿತ್ತು. ನಿಮ್ಮ ಮನೇಲಿರೋ ಚೀಟಿ ಒಮ್ಮೆ ತೆಗೆದು ನೋಡಿ.

ಹಾಗಂತ ಪ್ರತಿ ತಿಂಗಳೂ ಡಾಕ್ಟರ ಹತ್ರ ಹೋಗಿ ಅಂದ್ರೆ ಹಳ್ಳಿಯವರಿಗೆ ಬಸ್ ಚಾರ್ಜು, ಫೀಸು, ಒಂದು ದಿನದ ಕೂಲಿ ಎಲ್ಲಾ ಹೋಗುತ್ತೆ. ಮಾತ್ರೆಯನ್ನೇ ಬಿಟ್ಟುಬಿಡ್ತಾರೆ, ಅದು ಇನ್ನೂ ಅಪಾಯ. ಇಂಗ್ಲೆಂಡಿನಲ್ಲೂ ಕಾಯಿಲೆ ಹತೋಟಿಯಲ್ಲಿದ್ದವರಿಗೆ ಒಂದು ವರ್ಷದವರೆಗಿನ ಚೀಟಿಗಳನ್ನ ಒಟ್ಟಿಗೇ ಕೊಡೋ ಏರ್ಪಾಡಿದೆ. ನಾವು ಕಲಿಯಬೇಕಾದ್ದು ಕಾಯಿಸೋದನ್ನಲ್ಲ, ಕೊನೆಯ ದಿನಾಂಕ ಹಾಕೋದನ್ನ.

ಅದಕ್ಕೆ ಆ್ಯಪೂ ಬೇಡ, ಸರ್ವರೂ ಬೇಡ. "ಆರು ತಿಂಗಳು ಕೊಡಬಹುದು, ಆಮೇಲೆ ರಕ್ತಪರೀಕ್ಷೆ" ಅಂತ ಡಾಕ್ಟರು ಒಂದು ಸಾಲು ಬರೆದರೆ ಸಾಕು. ಅವರು ಬರೀಲಿಲ್ವಾ? ನಾವೇ ಕೇಳೋಣ: "ಸಾರ್, ಇದು ಎಲ್ಲೀವರೆಗೆ?"

ನಮ್ಮ ಆಫೀಸಿನ ಪಾಸ್‌ವರ್ಡ್ 90 ದಿನಕ್ಕೆ ಸಾಯುತ್ತೆ. ಅಪ್ಪನ ಕಿಡ್ನಿಗೆ ಅಷ್ಟೂ ಕಾಳಜಿ ಬೇಡವೇ? ನೀವೇನಂತೀರಿ?