ಪಿಕಪ್ಪನ್ನು ಎತ್ತರಿಸುವ ಮುನ್ನ

ಕೊಯ್ಲು ಹತ್ತಿರ ಬರುತ್ತಿದ್ದಂತೆ ನಮ್ಮ ಸದಸ್ಯರಲ್ಲಿ ಹಲವರು ಹಳೆಯ ಪಿಕಪ್ ಗಾಡಿಗಳನ್ನು ಗ್ಯಾರೇಜಿಗೆ ಒಯ್ದು ಎರಡು, ಮೂರು, ಕೆಲವರು ನಾಲ್ಕು ಅಂಗುಲದವರೆಗೂ ಎತ್ತರಿಸಿಕೊಂಡು ಬರುತ್ತಿದ್ದಾರೆ. ತೋಟದ ದಾರಿಯ ನಡುದಿಂಡು ಅಡಿಗೆ ತಗಲುತ್ತದೆ, ಸೈಲೆನ್ಸರ್ ಕಿತ್ತು ಬರುತ್ತದೆ, ಮಳೆಗಾಲದ ಕೊರಕಲಿನಲ್ಲಿ ಗಾಡಿ ಹೊಟ್ಟೆಯ ಮೇಲೆ ಕೂರುತ್ತದೆ ಎಂಬುದು ಅವರು ಕೊಡುವ ಕಾರಣ. ಕಾರಣ ಸುಳ್ಳಲ್ಲ. ಎರಡು-ಮೂರು ಎಕರೆಯ ಬೆಳೆಗಾರನಿಗೆ ಹೊಸ ಗಾಡಿ ಕೊಳ್ಳಿರೆಂದು ಉಪದೇಶಿಸುವುದು ಸುಲಭ, ಕೊಳ್ಳುವುದು ಸುಲಭವಲ್ಲ. ಇರುವ ಗಾಡಿಯನ್ನೇ ಇನ್ನೈದು ವರ್ಷ ಓಡಿಸಬೇಕು. ಆದರೆ ಎತ್ತರಿಸುವುದೇ ಇದಕ್ಕೆ ಮದ್ದು ಎಂಬ ನಂಬಿಕೆ ಮಾತ್ರ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಮೊದಲು ಕುಸಿದದ್ದನ್ನು ಮೂಲ ಮಟ್ಟಕ್ಕೆ ತರಬೇಕು. ಎತ್ತರದ ಮಾತು ಆಮೇಲೆ.

ಗಾಡಿ ಗಿಡ್ಡವೋ, ಕುಸಿದಿದೆಯೋ?

ಹದಿನೈದು-ಇಪ್ಪತ್ತು ವರ್ಷ ಗೊಬ್ಬರ, ಚೆರ್ರಿ, ಅಡಿಕೆ ಗೊನೆ, ಮಣ್ಣು, ಸೊಪ್ಪು ಹೊತ್ತ ಗಾಡಿಯ ಸ್ಪ್ರಿಂಗ್ ಪ್ಲೇಟುಗಳು ತಮ್ಮ ಕಮಾನನ್ನು ಕಳೆದುಕೊಂಡಿರುತ್ತವೆ. ಕಂಪನಿಯಿಂದ ಬಂದಾಗ ಇದ್ದ ಎತ್ತರ ಈಗ ಅದಕ್ಕಿಲ್ಲ. ಹಾಗಾಗಿ ಅನೇಕರು ಕೇಳುತ್ತಿರುವ ಎರಡಂಗುಲ ಹೊಸ ಎತ್ತರವಲ್ಲ, ಕಳೆದುಹೋದ ಹಳೆಯ ಎತ್ತರ.

ಇದನ್ನು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಗಾಡಿಯನ್ನು ಖಾಲಿ ಮಾಡಿ, ಚಕ್ರದ ಗಾಳಿ ಸರಿಪಡಿಸಿ, ಒಣಗಿಸುವ ಕಣದ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿರಿ. ನಾಲ್ಕೂ ಚಕ್ರಗಳ ನಡುಮಧ್ಯದಿಂದ ನೇರ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿರಿ. ಎಡಕ್ಕೂ ಬಲಕ್ಕೂ ಅರ್ಧ ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಕಡೆಯ ಪ್ಲೇಟು ಸೋತಿದೆ ಅಥವಾ ತುಂಡಾಗಿದೆ ಎಂದು ಸಂಶಯಿಸಬೇಕು. ಖಾಲಿ ಗಾಡಿಯಲ್ಲೂ ಮೂಲ ಪ್ಲೇಟು ಚಪ್ಪಟೆಯಾಗಿದ್ದರೆ, ಇಲ್ಲವೇ ಕೆಳಗೆ ಬಾಗಿದ್ದರೆ, ಅದರ ಆಯುಸ್ಸು ಮುಗಿಯಿತೆಂದೇ ಅರ್ಥ.

ಆ ಬಳಿಕ ಶ್ಯಾಕಲ್, ಬುಷ್, ಸೆಂಟರ್ ಬೋಲ್ಟು, ಯು-ಬೋಲ್ಟುಗಳನ್ನು ನೋಡಿರಿ. ಎಲ್ಲಕ್ಕಿಂತ ಮುಖ್ಯವಾಗಿ ಪ್ಲೇಟನ್ನು ಹಿಡಿದಿರುವ ಬ್ರಾಕೆಟ್ಟಿನ ಬಳಿ ಚಾಸಿ ಬಿರುಕು ಬಿಟ್ಟಿದೆಯೇ, ತುಕ್ಕಿನಿಂದ ಪದರ ಏಳುತ್ತಿದೆಯೇ ಎಂದು ಸುತ್ತಿಗೆಯಿಂದ ತಟ್ಟಿ ನೋಡಬೇಕು. ನಮ್ಮ ಗಾಡಿಗಳಿಗೆ ಮಳೆಯೊಂದೇ ಶತ್ರುವಲ್ಲ. ಪೊಟ್ಯಾಷ್, ಯೂರಿಯಾ ಉದುರಿ ತೇವದೊಡನೆ ಸೇರಿ ಕಬ್ಬಿಣವನ್ನು ತಿನ್ನುತ್ತವೆ. ಕೊಳೆರೋಗಕ್ಕೆಂದು ಕದಡಿದ ಮೈಲುತುತ್ತದ ನೀರಂತೂ ಕಬ್ಬಿಣಕ್ಕೆ ಇನ್ನೂ ಕೆಟ್ಟದ್ದು. ತುತ್ತದ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ಇಡಬಾರದೆಂದು ಬಲ್ಲ ನಾವು, ಅದೇ ನೀರು ಗಾಡಿಯ ತಳಕ್ಕೆ ಸೋರುವುದನ್ನು ಗಮನಿಸುವುದಿಲ್ಲ. ಚಾಸಿ ಕೊಳೆತಿರುವ ಗಾಡಿಯನ್ನು ಎತ್ತರಿಸುವುದು ಗೆದ್ದಲು ಹಿಡಿದ ಕಂಬದ ಮೇಲೆ ಅಟ್ಟ ಕಟ್ಟಿದಂತೆ.

ಎತ್ತರಿಸಿದರೆ ಏರುವುದು ಯಾವುದು?

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಪ್ಲೇಟು ಸೇರಿಸಿ ಗಾಡಿ ಎತ್ತರಿಸಿದಾಗ ಏರುವುದು ಚಾಸಿ, ಬಾಡಿ, ಸೈಲೆನ್ಸರ್, ಡೀಸೆಲ್ ಟ್ಯಾಂಕು ಮಾತ್ರ. ಆಕ್ಸಲ್ ಮತ್ತು ಅದರ ನಡುವಿನ ಡಿಫರೆನ್ಷಿಯಲ್ ಗುಂಡು ಚಕ್ರಗಳ ನಡುವೆ ಇದ್ದಲ್ಲಿಯೇ ಇರುತ್ತವೆ. ನಡುದಿಂಡಿಗೆ ಡಿಫರೆನ್ಷಿಯಲ್ಲೇ ಬಡಿಯುತ್ತಿದ್ದರೆ, ನಾಲ್ಕಂಗುಲ ಎತ್ತರಿಸಿದರೂ ಅದು ಬಡಿಯುವುದು ತಪ್ಪುವುದಿಲ್ಲ.

ಆಕ್ಸಲ್ ಏರಬೇಕಾದರೆ ಟೈರು ದೊಡ್ಡದಾಗಬೇಕು, ಅಲ್ಲಿಯೂ ದೊರೆಯುವುದು ಅರ್ಧ ಪಾಲು ಮಾತ್ರ. 215/75 ಆರ್ 15 ಟೈರಿನ ವ್ಯಾಸ ಸುಮಾರು 704 ಮಿ.ಮೀ.; 235/75 ಆರ್ 15 ಹಾಕಿದರೆ ಸುಮಾರು 734 ಮಿ.ಮೀ. ವ್ಯಾಸ 30 ಮಿ.ಮೀ. ಹೆಚ್ಚಿದರೆ ಆಕ್ಸಲ್ ಏರುವುದು 15 ಮಿ.ಮೀ., ಅಂದರೆ ಅರ್ಧ ಅಂಗುಲವನ್ನು ಚೂರು ಮೀರಿದಷ್ಟು. ಇದಕ್ಕಾಗಿ ಏರಿನಲ್ಲಿ ಎಳೆತ ಕಡಿಮೆಯಾಗುತ್ತದೆ, ಕ್ಲಚ್ಚು ಬೇಗ ಸವೆಯುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ, ಸ್ಪೀಡೋಮೀಟರ್ ಇರುವುದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. ಆದ್ದರಿಂದ ಗಾಡಿಯ ಯಾವ ಭಾಗ ತಗಲುತ್ತಿದೆ ಎಂದು ಮೊದಲು ಬಗ್ಗಿ ನೋಡಬೇಕು. ಹೊಸ ಗೀರು ಎಲ್ಲಿದೆಯೋ ಅಲ್ಲಿಯೇ ಉತ್ತರವಿದೆ.

ಇರುವ ದಾರಿಗಳು

ನಾಲ್ಕು ಕಡೆಯೂ ಪ್ಲೇಟು ಇರುವ ಹಳೆಯ ಗಾಡಿಗಳನ್ನು ಎತ್ತರಿಸಲು ಗ್ಯಾರೇಜುಗಳಲ್ಲಿ ಹೇಳುವ ಉಪಾಯಗಳು ಇವು. ಒಂದೊಂದರ ಗುಣದೋಷವನ್ನೂ ಸದಸ್ಯರು ತಿಳಿದಿರುವುದು ಒಳ್ಳೆಯದು.

1. ಹೊಸ ಪ್ಲೇಟ್ ಸೆಟ್ಟು. ನಮ್ಮ ಮೊದಲ ಶಿಫಾರಸು ಇದೇ. ಕಂಪನಿಯ ಅಳತೆಯ ಸೆಟ್ಟು ಹಾಕಿ, ಬುಷ್ ಮತ್ತು ಯು-ಬೋಲ್ಟುಗಳನ್ನು ಜೊತೆಯಲ್ಲೇ ಬದಲಾಯಿಸಿದರೆ ಕಳೆದ ಎತ್ತರ ಮರಳುತ್ತದೆ, ಗಾಡಿಯ ಉಳಿದ ಯಾವ ಅಂಗಕ್ಕೂ ತೊಂದರೆಯಿಲ್ಲ. ಎಡ-ಬಲ ಎರಡೂ ಕಡೆ ಒಟ್ಟಿಗೇ ಹಾಕಿಸಬೇಕು.

2. ಹಳೆಯ ಪ್ಲೇಟಿಗೆ ಕಮಾನು ಹೊಡೆಸುವುದು. ಖರ್ಚು ಕಡಿಮೆ. ಪ್ಲೇಟು ದಪ್ಪ ಉಳಿಸಿಕೊಂಡಿದ್ದು, ಬಿರುಕಿಲ್ಲದಿದ್ದರೆ ತಣ್ಣಗಿರುವಾಗಲೇ ಹೊಡೆದು ಬಾಗಿಸುವ ಅನುಭವಿಯಿಂದ ಮಾಡಿಸಬಹುದು. ಗ್ಯಾಸಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಾಗಿಸುವವರಿಂದ ದೂರವಿರಿ. ಹಾಗೆ ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ, ಒಂದೇ ಕೊಯ್ಲಿನಲ್ಲಿ ಮತ್ತೆ ಕುಸಿಯುತ್ತದೆ ಇಲ್ಲವೇ ಮುರಿಯುತ್ತದೆ.

3. ಒಂದು ಪ್ಲೇಟು ಹೆಚ್ಚಿಗೆ ಸೇರಿಸುವುದು. ನಮ್ಮಲ್ಲಿ ಹೆಚ್ಚು ನಡೆಯುವುದು ಇದೇ. ಇದರಿಂದ ಗಾಡಿ ಏರುತ್ತದೆ, ಆದರೆ ಬಿರುಸಾಗುತ್ತದೆ. ಪ್ಲೇಟಿನ ದಪ್ಪವನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿದರೆ ಆ ಪ್ಲೇಟಿನ ಬಿರುಸು ಮೂರರಲ್ಲಿ ಒಂದು ಪಾಲು ಹೆಚ್ಚುತ್ತದೆ. ಖಾಲಿ ಗಾಡಿ ಕುಣಿಯುತ್ತದೆ, ಒದ್ದೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ, ಪೆಟ್ಟು ಚಾಸಿಗೆ ಹೋಗುತ್ತದೆ. ಉಳಿದ ಪ್ಲೇಟುಗಳು ಗಟ್ಟಿಯಾಗಿದ್ದಲ್ಲಿ ಹೊಂದುವ ತೆಳು ಪ್ಲೇಟೊಂದನ್ನು ಸೇರಿಸಬಹುದು. ಲಾರಿಯ ಹಳೆಯ ಪ್ಲೇಟನ್ನು ಕಡಿದು ತುರುಕುವುದು ಬೇಡ.

4. ಉದ್ದನೆಯ ಶ್ಯಾಕಲ್. ಶ್ಯಾಕಲ್ ಎರಡಂಗುಲ ಉದ್ದವಾದರೆ ಗಾಡಿ ಏರುವುದು ಸುಮಾರು ಒಂದಂಗುಲ. ಮುಂದಿನ ಆಕ್ಸಲ್ಲಿಗೆ ಹಾಕಿದರೆ ಚಕ್ರದ ಕೋನ ಕೆಟ್ಟು ಸ್ಟಿಯರಿಂಗ್ ಅಲೆದಾಡಲು ತೊಡಗಬಹುದು. ನಾವು ಇದನ್ನು ಮೆಚ್ಚುವುದಿಲ್ಲ.

5. ಆಕ್ಸಲ್ಲಿಗೂ ಪ್ಲೇಟಿಗೂ ನಡುವೆ ಬ್ಲಾಕ್ ಇಡುವುದು. ಹಿಂದಿನ ಆಕ್ಸಲ್ಲಿಗೆ ಒಂದೇ ತುಂಡಿನ ಕಬ್ಬಿಣದ ಬ್ಲಾಕನ್ನು, ಹೊಸ ಉದ್ದನೆಯ ಯು-ಬೋಲ್ಟುಗಳೊಡನೆ ಇಡುವುದು ರೂಢಿಯಲ್ಲಿದೆ. ಒಂದರ ಮೇಲೊಂದು ಬ್ಲಾಕ್ ಪೇರಿಸುವುದು, ಮರದ ತುಂಡು ಇಡುವುದು, ಮುಂದಿನ ಆಕ್ಸಲ್ಲಿಗೆ ಬ್ಲಾಕ್ ಹಾಕುವುದು, ಈ ಮೂರೂ ಪ್ರಾಣಕ್ಕೆ ಅಪಾಯ. ಬ್ರೇಕು ಒತ್ತಿದಾಗ ಬ್ಲಾಕ್ ಕಳಚಿದರೆ ಆಕ್ಸಲ್ಲೇ ತಿರುಗಿಬಿಡುತ್ತದೆ.

ಯಾವ ಉಪಾಯವೇ ಆಗಲಿ, ಮೂಲ ಎತ್ತರದ ಮೇಲೆ ಒಂದೂವರೆ ಅಂಗುಲ ದಾಟುವುದು ಬೇಡ. ಅದರಿಂದ ಮುಂದೆ ಒಂದು ಅಂಗವನ್ನು ಸರಿಪಡಿಸಿದರೆ ಮತ್ತೊಂದು ಕೆಡುತ್ತಾ ಹೋಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ಯೂನಿವರ್ಸಲ್ ಜಾಯಿಂಟು ಸವೆಯುತ್ತದೆ. ಹಳೆಯ ಶಾಕ್ ಅಬ್ಸಾರ್ಬರ್ ಗಿಡ್ಡವಾಗುತ್ತದೆ. ಚಕ್ರ ಗುಂಡಿಗೆ ಇಳಿದಾಗ ಬ್ರೇಕಿನ ರಬ್ಬರ್ ಹೋಸು ಬಿಗಿಯಾಗಿ ಎಳೆಯುತ್ತದೆ. ಹಿಂದಿನ ಆಕ್ಸಲ್ಲಿಗೆ ಸಣ್ಣ ಸರಳಿನಿಂದ ಕಟ್ಟಿದ ಬ್ರೇಕ್ ವಾಲ್ವು ಇರುವ ಗಾಡಿಗಳಲ್ಲಿ ಇನ್ನೊಂದು ಸಂಗತಿಯುಂಟು. ಹಿಂಭಾಗ ಎಷ್ಟು ತಗ್ಗಿದೆ ಎಂಬುದರಿಂದ ಆ ವಾಲ್ವು ಹೊರೆಯನ್ನು ತಿಳಿದು ಹಿಂದಿನ ಬ್ರೇಕಿಗೆ ಬಲ ಕೊಡುತ್ತದೆ. ಗಾಡಿ ಎತ್ತರಿಸಿ ಸರಳನ್ನು ಹೊಂದಿಸದೆ ಬಿಟ್ಟರೆ, ತುಂಬಿದ ಗಾಡಿಯನ್ನೂ ಅದು ಖಾಲಿಯೆಂದೇ ಬಗೆದು ಬ್ರೇಕನ್ನು ಕಡಿಮೆ ಮಾಡುತ್ತದೆ. ಘಟ್ಟದ ಇಳಿಜಾರಿನಲ್ಲಿ ಇದರ ಪರಿಣಾಮವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ವಾಲುವ ಲೆಕ್ಕ

ಎರಡು ಚಕ್ರಗಳ ನಡುವಿನ ಅಂತರ 52 ಅಂಗುಲವೆಂದೂ, ಹೊರೆಸಹಿತ ಗಾಡಿಯ ಭಾರದ ಕೇಂದ್ರ ನೆಲದಿಂದ 36 ಅಂಗುಲ ಮೇಲಿದೆಯೆಂದೂ ಉದಾಹರಣೆಗೆ ಇಟ್ಟುಕೊಳ್ಳೋಣ. ನಿಂತಲ್ಲೇ ನಿಂತ ಆ ಗಾಡಿ ಸುಮಾರು 36 ಡಿಗ್ರಿ ವಾಲಿದಾಗ ಮಗುಚುತ್ತದೆ. ಮೂರಂಗುಲ ಎತ್ತರಿಸಿದರೆ ಅದು 34ಕ್ಕೆ ಇಳಿಯುತ್ತದೆ. ಎರಡೇ ಡಿಗ್ರಿ ಎಂದು ಸಮಾಧಾನಪಡಬಹುದು. ಆದರೆ ಗಾಡಿ ಎತ್ತರವಾಯಿತೆಂಬ ಧೈರ್ಯದಲ್ಲಿ ಮೂಟೆಗಳನ್ನು ಇನ್ನೂ ಮೇಲಕ್ಕೆ ಪೇರಿಸಿ ಭಾರದ ಕೇಂದ್ರವನ್ನು ಮತ್ತೆ ಐದಂಗುಲ ಏರಿಸಿದರೆ ಲೆಕ್ಕ 31 ಡಿಗ್ರಿಗೆ ಬರುತ್ತದೆ. ಒಂದೂವರೆ ಅಡಿ ಆಳದ ಚರಂಡಿಗೆ ಒಂದು ಕಡೆಯ ಚಕ್ರಗಳು ಇಳಿದರೆ ಅಷ್ಟಕ್ಕೇ 20 ಡಿಗ್ರಿ ವಾಲುತ್ತದೆ. ಅದರ ಮೇಲೆ ದಾರಿಯ ಓರೆ, ಪ್ಲೇಟಿನ ತೂಗಾಟ, ಕುಸಿಯುವ ಒದ್ದೆ ಅಂಚು ಸೇರಿದರೆ ಉಳಿಯುವುದೆಷ್ಟು? ಔಷಧಿ ಹೊಡೆಯುವ ದಿನಗಳಲ್ಲಿ ಒಯ್ಯುವ 200 ಲೀಟರಿನ ಡ್ರಮ್ಮುಗಳು ಇನ್ನೂ ಕೆಟ್ಟವು. ಅರ್ಧ ತುಂಬಿದ ಡ್ರಮ್ಮಿನ ನೀರು ಗಾಡಿ ವಾಲಿದ ಕಡೆಗೇ ನುಗ್ಗುತ್ತದೆ.

ಮೂಟೆಗಳ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರುವ ಅಭ್ಯಾಸ ನಮ್ಮ ಕಡೆ ಇನ್ನೂ ನಿಂತಿಲ್ಲ. ಎತ್ತರಿಸಿದ ಗಾಡಿಯ ಮೇಲೆ ಕುಳಿತವರು ಬೀಳುವುದು ಇನ್ನಷ್ಟು ಮೇಲಿನಿಂದ. ಬೆಳಗ್ಗೆ ನಮ್ಮ ತೋಟಕ್ಕೆ ಕೊಯ್ಲಿಗೆ ಬಂದವರು ಸಂಜೆ ಕ್ಷೇಮವಾಗಿ ಮನೆ ಸೇರುವುದು ಗಾಡಿಯ ಯಜಮಾನನ ಹೊಣೆ. ಪ್ಲೇಟಿನ ಖರ್ಚನ್ನು ಲೆಕ್ಕ ಹಾಕುವಾಗ ಈ ಹೊಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ಗೊತ್ತುಪಡಿಸಿದ್ದಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೊಟ್ಟ ತೀರ್ಪು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಎಂದು ಸೇರಿಸಲಾಯಿತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್.ಸಿ. ಆಗಬೇಕು, ಎತ್ತರಿಸಿದ್ದು ಅಲ್ಲಿ ಪ್ರಶ್ನೆಗೆ ಬರಬಹುದು. ಅಪಘಾತವಾದಾಗ ವಿಮೆಯವರಿಗೂ ತಕರಾರಿಗೆ ಇದೊಂದು ಎಡೆಯಾಗುತ್ತದೆ. ಪ್ಲೇಟು ಹೆಚ್ಚಿದ ಮಾತ್ರಕ್ಕೆ ಆರ್.ಸಿ.ಯಲ್ಲಿ ಬರೆದ ಹೊರೆ ಹೆಚ್ಚುವುದಿಲ್ಲವೆಂಬುದನ್ನೂ ಮರೆಯಬಾರದು. ಸೋತ ಪ್ಲೇಟಿಗೆ ಬದಲು ಕಂಪನಿ ಅಳತೆಯದನ್ನೇ ಹಾಕಿದರೆ ಅದು ದುರಸ್ತಿ, ಬದಲಾವಣೆಯಲ್ಲ. ಅದಕ್ಕಿಂತ ಹೆಚ್ಚಿನದನ್ನು ಮಾಡಿಸುವವರು ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ದಾರಿಯನ್ನೂ ನೋಡೋಣ

ಗಾಡಿಯನ್ನು ದಾರಿಗೆ ಹೊಂದಿಸುವ ಯೋಚನೆ ಮಾಡುವ ನಾವು ದಾರಿಯನ್ನು ಗಾಡಿಗೆ ಹೊಂದಿಸಲು ಯೋಚಿಸುವುದಿಲ್ಲ. ನಡುದಿಂಡನ್ನು ಕೆತ್ತಿ ತಗ್ಗಿಸುವುದು ಇಬ್ಬರು ಆಳುಗಳು ಹಾರೆ-ಗುದ್ದಲಿ ಹಿಡಿದು ಮಾಡಬಲ್ಲ ಕೆಲಸ. ಮಳೆ ಹಿಡಿಯುವ ಮುನ್ನ ಬದಿಯ ಚರಂಡಿ ಬಿಡಿಸಿ, ಏರಿನಲ್ಲಿ ಅಲ್ಲಲ್ಲಿ ಅಡ್ಡಗಾಲುವೆ ತೆಗೆದರೆ ನೀರು ದಾರಿಯುದ್ದಕ್ಕೂ ಓಡಿ ಕೊರಕಲು ಮಾಡುವುದಿಲ್ಲ. ತೀರಾ ಕಡಿದಾದ ಕಡೆ ಚಕ್ರ ಹಾಯುವಲ್ಲಿ ಮಾತ್ರ ಎರಡು ಸಾಲು ಕಲ್ಲು ಹಾಸಿದರೂ ಸಾಕು. ಒಂದೇ ದಾರಿ ಬಳಸುವ ನಾಲ್ಕು ಮನೆಯವರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಬೀಳುವ ಖರ್ಚು ಒಂದು ಗಾಡಿ ಎತ್ತರಿಸುವ ಖರ್ಚಿಗಿಂತ ಕಡಿಮೆಯೇ ಆದೀತು. ಪ್ರಯೋಜನ ಮಾತ್ರ ನಾಲ್ಕು ಗಾಡಿಗಳಿಗೂ, ಶಾಲೆಗೆ ಹೋಗುವ ಮಕ್ಕಳಿಗೂ, ರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದ ರೋಗಿಗೂ ಸಿಗುತ್ತದೆ.

ಆಡಳಿತ ಮಂಡಳಿಯಲ್ಲಿ ನಮ್ಮ ವಿನಂತಿ ಎರಡು. ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಸಂಘದ ಗೋದಾಮಿನ ಅಂಗಳದಲ್ಲಿ ಒಂದು ದಿನ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಸದಸ್ಯರ ಗಾಡಿಗಳ ಪ್ಲೇಟು, ಬ್ರೇಕು, ಚಾಸಿಗಳ ತಪಾಸಣೆ ಏರ್ಪಡಿಸಬೇಕು. ಗೊಬ್ಬರ, ಮೈಲುತುತ್ತ ಮಾರುವ ನಮ್ಮ ಮಳಿಗೆಯಲ್ಲಿಯೇ ಸಾಮಾನ್ಯ ಗಾಡಿಗಳ ಬುಷ್, ಸೆಂಟರ್ ಬೋಲ್ಟು, ಯು-ಬೋಲ್ಟುಗಳನ್ನು ಅಸಲು ಬೆಲೆಗೆ ದೊರಕಿಸಬೇಕು. ಒಬ್ಬೊಬ್ಬರೇ ಅಲೆದು ತರುವುದಕ್ಕಿಂತ ಒಟ್ಟಾಗಿ ತರಿಸಿದರೆ ಅಗ್ಗವೆಂಬುದೇ ಸಹಕಾರದ ಮೂಲ ಪಾಠವಲ್ಲವೇ?

ಸದಸ್ಯ ಬಂಧುಗಳು ಈ ವಾರವೇ ಬಿಡುವು ಮಾಡಿಕೊಂಡು ತಮ್ಮ ಗಾಡಿಯನ್ನು ಕಣದಲ್ಲಿ ನಿಲ್ಲಿಸಿ ನಾಲ್ಕು ಚಕ್ರಗಳ ಬಳಿಯೂ ಅಳೆಯಲಿ. ಆ ನಾಲ್ಕು ಅಂಕಿಗಳನ್ನು ಬರೆದ ಚೀಟಿ ಕೈಯಲ್ಲಿದ್ದರೆ, ಗ್ಯಾರೇಜಿನವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರಬೇಕಾದ ಪ್ರಮೇಯ ಬರುವುದಿಲ್ಲ.