ಬೀದಿಯ ಹಾಡೂ ಚಿತ್ರಶಾಲೆಯೂ



ಕಳೆದ ವರ್ಷದ ಶಾಲಾ ದಿನೋತ್ಸವಕ್ಕೆ ಒಂದು ತಿಂಗಳು ಮುಂಚಿತವಾಗಿ ಹತ್ತನೆಯ ತರಗತಿಯ ಮೂವರು ಬಾಲಿಕೆಯರು ನನ್ನ ಕೊಠಡಿಗೆ ಬಂದು, ತಾವೇ ಕನ್ನಡದಲ್ಲಿ ರಚಿಸಿದ ಒಂದು ರ‍್ಯಾಪ್ ಹಾಡನ್ನು ವೇದಿಕೆಯ ಮೇಲೆ ಹೇಳಲು ಅಪ್ಪಣೆ ಬೇಡಿದರು. ಅವರ ಕೈಯಲ್ಲಿದ್ದ ಕಾಗದವನ್ನು ನೋಡದೆಯೇ, ಅದು ಬೀದಿಯ ಗದ್ದಲವೆಂದೂ ನಮ್ಮ ವೇದಿಕೆಗೆ ತಕ್ಕುದಲ್ಲವೆಂದೂ ಹೇಳಿ ಕಳುಹಿಸಿದೆನು. ಅವರಲ್ಲೊಬ್ಬಳು ಬಾಗಿಲಲ್ಲಿ ನಿಂತು, "ಮಿಸ್, ಓದಿ ನೋಡಿ ಬೇಡವೆನ್ನಿರಿ" ಎಂದಳು. ಮಾತು ವಿನಯದ್ದೇ, ಆದರೆ ಆ ರಾತ್ರಿ ನನಗೆ ನೆಮ್ಮದಿ ದೊರೆಯಲಿಲ್ಲ. ಇಪ್ಪತ್ತು ವರ್ಷಗಳಿಂದ ಇತಿಹಾಸವನ್ನು ಕಲಿಸುತ್ತ, ಯೂರೋಪಿನ ಮಹಾ ಚಿತ್ರಕಾರರನ್ನು ಮಕ್ಕಳಿಗೆ ಪರಿಚಯಿಸುತ್ತ ಬಂದವಳು ನಾನು. ಅವರಲ್ಲಿ ಎಷ್ಟು ಮಂದಿ ತಮ್ಮ ಕಾಲದ ಅಧಿಕಾರಿಗಳಿಂದ ಇಂಥದೇ ಮಾತನ್ನು ಕೇಳಿದ್ದರು!

ಈ ಕಲೆಯ ಹುಟ್ಟನ್ನು ಕುರಿತು ಮೊದಲು ಎರಡು ಮಾತು. 1973ನೆಯ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಯು, ಶಾಲೆ ಮತ್ತೆ ತೆರೆಯುವ ಮುನ್ನ ಹೊಸ ಉಡುಪು ಕೊಳ್ಳಲು ಹಣ ಬೇಕಾಗಿ, ತಾನು ವಾಸಿಸುತ್ತಿದ್ದ ಕಟ್ಟಡದಲ್ಲಿ ಒಂದು ಸಂತೋಷಕೂಟವನ್ನು ಏರ್ಪಡಿಸಿದಳು. ಜಮೈಕಾದಲ್ಲಿ ಹುಟ್ಟಿದ, ಆಗ ಹದಿನೆಂಟು ವಯಸ್ಸಿನ ಅವಳ ಸೋದರ ಕ್ಲೈವ್, ಅಂದರೆ ಲೋಕವು ಕೂಲ್ ಹರ್ಕ್ ಎಂದು ಕರೆಯುವವನು, ಎರಡು ಯಂತ್ರಗಳ ಮೇಲೆ ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು, ಬರಿಯ ತಾಳವಾದ್ಯ ನುಡಿಯುವ ಭಾಗವನ್ನೇ ಮತ್ತೆ ಮತ್ತೆ ನುಡಿಸಿ ಬೆಳೆಸುವ ಬಗೆಯನ್ನು ಕಂಡುಕೊಂಡನು. ಆ ತಾಳದ ಮೇಲೆ ಆಡಿದ ಪ್ರಾಸಬದ್ಧ ಮಾತೇ ರ‍್ಯಾಪ್ ಆಗಿ ಬೆಳೆಯಿತು. ಶಾಲೆಯ ಉಡುಪಿಗಾಗಿ ಹುಡುಗಿಯೊಬ್ಬಳು ಮಾಡಿದ ಪ್ರಯತ್ನದಿಂದ ಹಿಪ್-ಹಾಪ್ ಉದಯಿಸಿತೆಂಬುದನ್ನು ನಮ್ಮಂಥ ಶಾಲೆಯವರು ಮರೆಯತಕ್ಕದ್ದಲ್ಲ.

ಇದರ ಮೇಲಿನ ಮೊದಲನೆಯ ಆಕ್ಷೇಪವೇನೆಂದರೆ, ಇವರು ಪರರ ಸಂಗೀತದ ತುಣುಕುಗಳನ್ನು ಕದ್ದು ತಮ್ಮದೆನ್ನುತ್ತಾರೆಂಬುದು. ಅಪ್ಪಣೆಯಿಲ್ಲದೆ ತೆಗೆದುಕೊಳ್ಳುವುದು ತಪ್ಪೆಂದು 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ತೀರ್ಪಿತ್ತಿತು. ಅದು ನ್ಯಾಯವೇ ಸರಿ. ಆದರೆ ಹಳೆಯದನ್ನು ಎತ್ತಿಕೊಂಡು ಹೊಸದನ್ನು ಕಟ್ಟುವುದು ಮಾತ್ರ ಕಳ್ಳತನವಲ್ಲ. ಸ್ಪೇನಿನ ಅರಮನೆಯ ರಾಜಕುಮಾರಿಯನ್ನೂ ಅವಳ ಸಖಿಯರನ್ನೂ ವೆಲಾಸ್ಕೆಸನು 1656ರಲ್ಲಿ ಚಿತ್ರಿಸಿದನು. ಮುನ್ನೂರು ವರ್ಷಗಳ ತರುವಾಯ, 1957ರಲ್ಲಿ, ಪಿಕಾಸೋ ಆ ಒಂದೇ ಚಿತ್ರವನ್ನು ಆಧರಿಸಿ 58 ಚಿತ್ರಗಳ ಮಾಲೆಯನ್ನು ರಚಿಸಿದನು. ಅದನ್ನು ಬಾರ್ಸಿಲೋನಾ ನಗರದ ಚಿತ್ರಶಾಲೆಯಲ್ಲಿ ಜನರು ಗೌರವದಿಂದ ನೋಡುತ್ತಾರೆ. ಕುಂಚಕ್ಕೆ ಸಲ್ಲುವ ಮರ್ಯಾದೆಯು ಹಾಡಿನ ತಟ್ಟೆಗೆ ಏಕೆ ಸಲ್ಲಬಾರದು?

ಎರಡನೆಯ ಆಕ್ಷೇಪವು ಇದಕ್ಕಿಂತ ಗುರುತರವಾದುದು. ಇವರ ಹಾಡುಗಳಲ್ಲಿ ಬರುವವರು ಹೀನ ಜನರು, ಹಾಡುವವರ ಬಾಳೂ ಹೀನವಾದುದೆಂಬುದು ಅದು. ಇಟಲಿಯ ಕರವಾಜ್ಜಿಯೋ (1571–1610) ಮಾತೆ ಮರಿಯಳ ಮರಣವನ್ನು ಚಿತ್ರಿಸಿದಾಗ, ಊದಿದ ದೇಹದ, ಬರಿಗಾಲಿನ ಬಡ ಹೆಂಗಸಿನಂತೆ ಅವಳನ್ನು ತೋರಿಸಿದನು. ಚಿತ್ರವು ಸಲ್ಲಬೇಕಾಗಿದ್ದ ರೋಮಿನ ದೇವಾಲಯದವರು ಅದನ್ನು ತಿರಸ್ಕರಿಸಿದರು. ರೂಬೆನ್ಸನೆಂಬ ಚಿತ್ರಕಾರನ ಸಲಹೆಯಂತೆ ಮಾಂಟುವಾದ ಡ್ಯೂಕನು ಅದನ್ನು ಕೊಂಡುಕೊಂಡನು. ಇಂದು ಅದು ಪ್ಯಾರಿಸಿನ ಲೂವ್ರ್ ಚಿತ್ರಶಾಲೆಯ ಐಶ್ವರ್ಯ. ಈ ಕರವಾಜ್ಜಿಯೋ ಸಾಧುವೇನಲ್ಲ. 1606ರಲ್ಲಿ ಜಗಳವೊಂದರಲ್ಲಿ ಮನುಷ್ಯನನ್ನು ಕೊಂದು ರೋಮನ್ನು ಬಿಟ್ಟು ಓಡಿಹೋದವನು.

ಅವನೊಡನೆ ಟುಪಾಕ್ ಶಕೂರನನ್ನು ನಿಲ್ಲಿಸಿ ನೋಡಿರಿ. ಹೆಣ್ಣೊಬ್ಬಳಿಗೆ ಮಾಡಿದ ಅಪರಾಧಕ್ಕಾಗಿ 1995ರಲ್ಲಿ ಅವನಿಗೆ ಸೆರೆಮನೆಯಾಯಿತು; 1996ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಗುಂಡೇಟಿನಿಂದ ಸತ್ತನು. ಅದೇ 1995ರಲ್ಲಿ, ಬಡತನದಲ್ಲಿ ತನ್ನನ್ನು ಸಾಕಿದ ತಾಯಿಯನ್ನು ಕುರಿತ ಅವನ ಹಾಡು ಪ್ರಕಟವಾಯಿತು. ತಾಯಿಯ ದುಶ್ಚಟವನ್ನು ಅದು ಮುಚ್ಚಿಡುವುದಿಲ್ಲ. ಅವಳ ಮೇಲಿನ ಗೌರವವನ್ನೂ ಬಿಡುವುದಿಲ್ಲ. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು 2010ರಲ್ಲಿ ಆ ಹಾಡನ್ನು ರಾಷ್ಟ್ರದ ಸಂರಕ್ಷಿತ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿತು. ಕೃತಿಯು ಕರ್ತೃವಿನ ಪಾಪವನ್ನು ತೊಳೆಯಲಾರದು. ಕರ್ತೃವಿನ ಪಾಪವು ಕೃತಿಯ ಸತ್ಯವನ್ನು ಅಳಿಸಲಾರದು. ಈ ಎರಡನ್ನೂ ಬೇರೆ ಬೇರೆಯಾಗಿ ತೂಗುವುದನ್ನು ನಮ್ಮ ಹುಡುಗಿಯರು ಕಲಿಯಬೇಕು.

ಹೆಣ್ಣನ್ನು ಹೀಗಳೆಯುವ ಹಾಡುಗಳು ಈ ಕಲೆಯಲ್ಲಿ ಹೇರಳವಾಗಿವೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಂಥವನ್ನು ನಮ್ಮ ವೇದಿಕೆಯ ಬಳಿಗೂ ಸೇರಿಸೆನು. ಆದರೆ ಚಿತ್ರಕಲೆಯಲ್ಲಿಯೂ ಹೆಣ್ಣು ಬಹುಕಾಲ ಬರಿಯ ನೋಟದ ವಸ್ತುವಾಗಿದ್ದಳು. ತಂದೆಯ ಜೊತೆಗಾರನಾದ ಚಿತ್ರಕಾರನಿಂದ ಮಾನಭಂಗಕ್ಕೆ ಈಡಾದ ಆರ್ಟಿಮೀಸಿಯಾ ಜೆಂಟಿಲೆಸ್ಕಿಯು 1612ರ ವಿಚಾರಣೆಯಲ್ಲಿ ಬೆರಳುಗಳಿಗೆ ಹಗ್ಗ ಬಿಗಿಯುವ ಹಿಂಸೆಯನ್ನು ಸಹಿಸಿಯೂ ತನ್ನ ಮಾತನ್ನು ಬದಲಿಸಲಿಲ್ಲ. 1616ರಲ್ಲಿ ಫ್ಲಾರೆನ್ಸಿನ ಕಲಾ ಪರಿಷತ್ತಿಗೆ ಸೇರಿದ ಮೊದಲನೆಯ ಸ್ತ್ರೀ ಅವಳೇ. ಅವಳ ಚಿತ್ರಗಳಲ್ಲಿನ ಹೆಂಗಸರು ನೋಡಿಸಿಕೊಳ್ಳುವವರಲ್ಲ, ಕಾರ್ಯ ಮಾಡುವವರು. ಹಿಪ್-ಹಾಪಿನಲ್ಲಿ ಲಾರಿನ್ ಹಿಲ್ ಮಾಡಿದ್ದೂ ಇದನ್ನೇ. ಇಬ್ಬರ ಕಷ್ಟಗಳು ಒಂದೇ ಬಗೆಯವಲ್ಲ. ಆದರೆ ಗಂಡಸರ ಮಾತೇ ನಡೆಯುತ್ತಿದ್ದ ಕಡೆ ಇಬ್ಬರೂ ತಮ್ಮ ಮಾತನ್ನು ತಾವೇ ಆಡಿದರು. ತಪ್ಪು ಶಿಕ್ಷಣವನ್ನೇ ಹೆಸರಾಗಿ ಹೊತ್ತ ಹಿಲ್ಲಳ 1998ರ ಹಾಡುಗಳ ಸಂಪುಟವು ಒಂದು ತರಗತಿಯ ಹಾಜರಿಯಿಂದ ಆರಂಭವಾಗುತ್ತದೆ. ಉಪಾಧ್ಯಾಯನು ಒಂದೊಂದೇ ಹೆಸರನ್ನು ಕೂಗುತ್ತಾನೆ. ಅವಳ ಹೆಸರಿಗೆ ಮಾತ್ರ ಉತ್ತರವಿಲ್ಲ. 1999ರಲ್ಲಿ, ವರ್ಷದ ಅತ್ಯುತ್ತಮ ಸಂಪುಟಕ್ಕೆ ಸಲ್ಲುವ ಗ್ರ್ಯಾಮಿ ಪ್ರಶಸ್ತಿಯನ್ನು ಹಿಪ್-ಹಾಪಿಗೆ ಮೊದಲ ಬಾರಿಗೆ ತಂದುಕೊಟ್ಟ ಕೃತಿ ಇದೇ.

ಮರುದಿನ ಆ ಮೂವರನ್ನು ಕರೆಯಿಸಿ ಕಾಗದವನ್ನು ಓದಿದೆನು. ಬೇಸಗೆಯ ರಜೆಯ ತರುವಾಯ ಶಾಲೆಗೆ ಮರಳಿ ಬಾರದ ತಮ್ಮ ಗೆಳತಿಯನ್ನು ಕುರಿತು ಅವರು ಬರೆದಿದ್ದರು. ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ, ತಮ್ಮಂದಿರನ್ನು ನೋಡಿಕೊಳ್ಳಲು ಮಗಳು ಮನೆಯಲ್ಲಿ ಉಳಿದಿದ್ದಾಳೆ, ಬೆಂಚಿನಲ್ಲಿ ಒಂದು ಸ್ಥಳ ಬರಿದಾಗಿದೆ, ಹಾಜರಿಯಲ್ಲಿ ಆ ಹೆಸರನ್ನು ಈಗ ಯಾರೂ ಕರೆಯುವುದಿಲ್ಲ, ಇಷ್ಟೇ ಹಾಡು. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಕೈ ನನ್ನದೇ. ಒಮ್ಮೆಯಾದರೂ ಆ ಮನೆಗೆ ಹೋಗಿ ವಿಚಾರಿಸಿದವಳಲ್ಲ.

ಒಂದು ಪದವನ್ನು ಮಾತ್ರ ತಿದ್ದಿಸಿ ಅಪ್ಪಣೆ ಕೊಟ್ಟೆನು. ಕೆಲವು ಹೆತ್ತವರು ಅಸಮಾಧಾನಪಟ್ಟು ನನಗೆ ಬರೆದರು. ಅವರ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ಆ ಹಾಡಿನ ಮರುವಾರವೇ ನಾನು ಆ ಹುಡುಗಿಯ ಮನೆಗೆ ಹೋದೆನು. ಈ ವರ್ಷ ಅವಳು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕುಳಿತುಕೊಳ್ಳಲು ತಂದೆತಾಯಿಗಳು ಒಪ್ಪಿದ್ದಾರೆ.

ಆದುದರಿಂದ ಪೋಷಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ನಿಮ್ಮ ಮಕ್ಕಳು ಕೇಳುವ ಹಾಡನ್ನು ಒಮ್ಮೆ ಅವರೊಡನೆ ಕುಳಿತು ಕೇಳಿರಿ. ಅದರಲ್ಲಿ ಸತ್ಯವಿದೆಯೇ, ಶ್ರಮವಿದೆಯೇ, ಯಾರಿಗಾದರೂ ಅವಮಾನವಿದೆಯೇ ಎಂದು ಅವರನ್ನೇ ಕೇಳಿರಿ. ಬೇಡವೆನ್ನುವ ಅಧಿಕಾರ ನಮಗಿದೆ. ಆದರೆ ಓದಿ ನೋಡಿ ಬೇಡವೆನ್ನೋಣ.